ನೀರಿಗಿಳಿದ ಬಾಲಗಳು

ಯಲಹಂಕದ ಪಿಯು ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು ಅನಂತರಾಜು ಇಪ್ಪತ್ತಾರು ವರ್ಷದಿಂದ ಅದೇ ಚಿತ್ರ ಬರೆಯುತ್ತಿದ್ದಾರೆ: ಜೀವಕೋಶದ ಪೊರೆ ಕಟ್ಟುವ ಲಿಪಿಡ್ ಎಂಬ ಕೊಬ್ಬಿನ ಅಣುವಿಗೊಂದು ದುಂಡು ತಲೆ, ಎರಡು ಬಾಲ. "ತಲೆಗೆ ನೀರು ಬೇಕು, ಬಾಲಕ್ಕೆ ಆಗಲ್ಲ. ಎರಡು ಸಾಲು ಮಾಡಿ ಬಾಲ ಒಳಗಡೆ ಬಚ್ಚಿಡ್ರಪ್ಪಾ," ಎನ್ನುತ್ತಾರೆ, ಆಕಳಿಕೆ ನುಂಗುತ್ತ. "ನಮ್ ಕ್ಲಾಸ್ ಜಗನ್ ಥರ ಸಾರ್, ಸ್ನಾನ ಅಂದ್ರೆ ಓಡ್ತಾನೆ," ಎನ್ನುತ್ತಾಳೆ ಹಿಂದಿನ ಬೆಂಚಿನ ಮೋನಿಷಾ. ಅವರು ನಗುವುದಿಲ್ಲ, ಈ ಮಾತನ್ನು ಪ್ರತಿವರ್ಷ ಯಾರಾದರೂ ಹೇಳುತ್ತಾರೆ. ಪ್ರತಿ ಪರೀಕ್ಷೆಯಲ್ಲೂ ಅರ್ಧ ತರಗತಿ ಬಾಲಗಳನ್ನು ನೀರಿಗೇ ಇಳಿಬಿಡುತ್ತದೆ. ತಮ್ಮ ಪಾಠವನ್ನು ಯಾರೂ ಗಮನಿಸುವುದಿಲ್ಲವೆಂದು ಅವರು ನಂಬಿ ಬಹಳ ಕಾಲವಾಯಿತು. ಈ ಸಲ ಅರವತ್ತೆರಡು ಉತ್ತರಪತ್ರಿಕೆಗಳಲ್ಲೂ ಅದೇ ತಪ್ಪು. ಬೈಯಲೆಂದು ಮೋನಿಷಾಳ ನೋಟ್ಸ್ ತೆರೆಸಿದರು. "ಈ ಸಲ ನೀವೇ ಬೋರ್ಡಲ್ಲಿ ಹಿಂಗ್ ಬರ್ದಿದ್ರಿ ಸಾರ್," ಎಂದಳು ಅವಳು, ಮೆಲ್ಲಗೆ. ಅನಂತರಾಜು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು. ಇಡೀ ತರಗತಿ ಅವರ ಬೋರ್ಡ್ ನೋಡಿ ಬರೆದುಕೊಂಡದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.