ಪಕ್ಕದ ಮನೆಯ ಕಿಟಕಿ ದೀಪ

ಗೆಳೆಯರೇ, ನಾಳೆ ಕ್ರಿಸ್‌ಮಸ್. ಇಂದೇ ಆದ ಖರ್ಚು: ಒಂದು ಜೊತೆ ಒದ್ದೆ ಕಾಲುಚೀಲ, ಅರ್ಧ ಮರ್ಯಾದೆ.

ಪರ್ತ್‌ನ ಕಡಲ ತೀರದಲ್ಲಿ ಹತ್ತು ವರ್ಷ ಚಡ್ಡಿಯಲ್ಲೇ ಕ್ರಿಸ್‌ಮಸ್ ಕಳೆದವನಿಗೆ ಐರ್ಲೆಂಡಿನ ಈ ಸ್ವೋರ್ಡ್ಸ್ ಊರಿನಲ್ಲಿ ಸಂಜೆ ನಾಲ್ಕೂವರೆಗೇ ಕವಿಯುವ ಈ ಕತ್ತಲು ಅರ್ಥವೇ ಆಗುತ್ತಿಲ್ಲ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಐರಿಶ್ ಅಜ್ಜಿಯ ಕಿಟಕಿಯಲ್ಲಿ ಒಂದೇ ಒಂದು ಮೇಣದಬತ್ತಿ ಕಂಡಿತು.

"ರೀ, ಪಾಪ, ಅಜ್ಜಿ ಮನೇಲಿ ಕರೆಂಟ್ ಹೋಗೈತೆ. ಟಾರ್ಚ್ ಕೊಟ್ಟು ಬನ್ನಿ," ಎಂದಳು ಹೆಂಡತಿ. ಮಳೆಯಲ್ಲೇ ಓಡಿದೆ.

ಅಜ್ಜಿ ಬಾಗಿಲು ತೆಗೆದು ನಕ್ಕರು. "ಕರೆಂಟ್ ಗ್ರ್ಯಾಂಡ್ ಆಗಿದೆಯಪ್ಪ, ಅದಕ್ಕೇನೂ ಆಗಿಲ್ಲ. ಇದು ದಾರಿಹೋಕರನ್ನ ಒಳಗೆ ಕರೆಯೋ ದೀಪ. ಮನೇಲಿ ಎಲ್ಲರಿಗಿಂತ ಚಿಕ್ಕವರು ಹಚ್ಚಬೇಕು. ಯಾರೂ ಬರಲಿಲ್ಲ, ಎಂಬತ್ತೊಂದಕ್ಕೆ ನಾನೇ ಚಿಕ್ಕವಳಾದೆ. ಈಗ ನೀನು ಬಂದೆಯಲ್ಲ, ಊದಿ ಆರಿಸಿ ಮತ್ತೆ ಹಚ್ಚು."

"ಅಯ್ಯೋ, ಮುಸ್ಸಂಜೆ ದೀಪ ಊದಿದ್ರೆ ನಮ್ಮಮ್ಮ ಬೆನ್ನಿಗೆ ಬಾರಿಸ್ತಿದ್ರು!" ಎಂದೆ.

ಇದು ಇವರ ಹಬ್ಬವೋ ನಮ್ಮ ಕಾರ್ತಿಕವೋ ಎನಿಸಿತು. ಅಜ್ಜಿಯೇ ಯೋಚಿಸಿ ಇನ್ನೊಂದು ಮೇಣದಬತ್ತಿ ತಂದರು. ಉರಿಯುತ್ತಿದ್ದ ಬತ್ತಿಯಿಂದಲೇ ಅದನ್ನು ಹಚ್ಚಿದೆ.

ಕೊನೆಗೆ ಸಿಕ್ಕಿದ್ದು ಇಷ್ಟು: ಅಜ್ಜಿಗೆ ದೀಪ ಹಚ್ಚಲು ಒಬ್ಬ ಚಿಕ್ಕವನು, ನಲವತ್ತೇಳರ ನನಗೆ ಆ ಪದವಿ, ಹೆಂಡತಿಗೆ ಅಜ್ಜಿ ಕಟ್ಟಿಕೊಟ್ಟ ಅರ್ಧ ಹಣ್ಣಿನ ಕೇಕು, ಬೀದಿಗೆ ಎರಡು ದೀಪ.