ಸೋಫಾದ ಮೇಲಿನ ಬರ್ಮಾ ಎತ್ತಿನ ಗಾಡಿ

ಅಪ್ಪ ತೀರಿಕೊಂಡ ಮೇಲೆ ನನಗೆ ಮೊದಲ ಬಾರಿ ಅಳು ಬಂದದ್ದು ಸಿಡ್ನಿಯ ರೌಸ್ ಹಿಲ್‌ನ ಪರಿಚಯದವರ ಸೋಫಾದಲ್ಲಿ. ಕೂರಲು ಜಾಗ ಬಿಡದ ಅಲಂಕಾರದ ದಿಂಬುಗಳ ನಡುವೆ, ಮನೆಯಾಕೆ ಬರ್ಮಾದ್ದೆಂದು ಬಂದವರಿಗೆಲ್ಲ ತೋರಿಸುವ ದಿಂಬೊಂದಿತ್ತು. ಅದರ ಮೇಲೆ ಜರಿಯ ಎತ್ತುಗಳು, ಮಿಂಚುವ ಚಕ್ರದ ಗಾಡಿ. ಅಪ್ಪ ಊರಲ್ಲಿ ಕೊನೆಯವರೆಗೂ ಬಾಡಿಗೆಗೆ ಎತ್ತಿನ ಗಾಡಿ ಹೊಡೆದವರು. ಆ ದಿಂಬನ್ನು ಎದೆಗೆ ಅಪ್ಪಿಕೊಂಡು ಅತ್ತುಬಿಟ್ಟೆ.

ಸಮಾಧಾನ ಹೇಳಲೆಂದೇ ನನ್ನನ್ನು ಕರೆಸಿದ್ದ ಬೆಳಗಾವಿ ಕಡೆಯ ಆ ಮನೆಯಾಕೆ ಓಡಿ ಬಂದಳು.

"ಅಳ್ರಿ ಅಕ್ಕಾ, ಮನಸ್ಸು ಹಗುರ ಆಗ್ತದ. ಆದ್ರ ದಿಂಬು ಇತ್ಲಾಗ ಕೊಡ್ರಿ, ಅದನ್ನ ಡ್ರೈ ಕ್ಲೀನಿಗೇ ಹಾಕ್ಬೇಕು."

ಮೆಲ್ಲಗೆ ದಿಂಬು ಬಿಡಿಸಿಕೊಂಡು ಟಿಶ್ಯೂ ಕೈಗಿಟ್ಟಳು.

ಅಪ್ಪನ ಗಾಡಿ ಗೊಬ್ಬರವನ್ನೂ ಹೊತ್ತಿತ್ತು, ಮದುಮಗಳನ್ನೂ ಹೊತ್ತಿತ್ತು. ಈ ಗಾಡಿಗೆ ಅವರ ಮಗಳ ಕಣ್ಣೀರೇ ಭಾರವಾಯಿತು.