ಐಗುಪ್ತದ ಅರಸ ದಾನಪ್ಪ

ಮುಂಬಯಿಯ ದಾದರಿನ ಚಾಳಿನ ದಾನಪ್ಪ ಬೈಲಹೊಂಗಲದ ಕಡೆಯವ. ಇಲ್ಲಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್, ಊರಿಗೆ ಹೋದರೆ ದೊಡ್ಡಾಟದ ದುರ್ಯೋಧನ. ಅವನ ದನಿಗೆ ತೊಟ್ಟಿಲ ಕೂಸು ಬೆಚ್ಚುತ್ತಿತ್ತು. ಹೆಂಡತಿ ಚಂದ್ರವ್ವ ಮಾತ್ರ ಕ್ಯಾರೇ ಅನ್ನುತ್ತಿರಲಿಲ್ಲ.

೧೯೫೧ರಲ್ಲಿ ಅವನ ಜೋಡಿ ಫಿಟ್ಟರ್ ಏಲಿಯಾಜಿ ಪೆಣಕರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇಸ್ರೇಲಿಗೆ ಹೊರಟ. ತಲೆತಲಾಂತರದಿಂದ ಕೊಂಕಣದಲ್ಲಿದ್ದ ಯಹೂದಿಗಳು. ಹತ್ತು ಮನೆಯವರು ಒಂದೇ ಹಡಗಿಗೆ. ಹದಿನಾಲ್ಕು ವರ್ಷ ಒಂದೇ ಬಸಿಯಲ್ಲಿ ಚಹಾ ಕುಡಿದವ ಹೊರಟನೆಂದು ದಾನಪ್ಪನಿಗೆ ತಡೆಯದ ಸಂಕಟ. ಬಾಯಿ ಬಿಟ್ಟು ಹೇಳಿದನೇ? ಇಲ್ಲ. ಗಂಡಸಲ್ಲವೇ, ದರಿದ್ರ ಗತ್ತು.

ಹೊರಡುವ ಮುನ್ನ ಅವರು ಗ್ರಾಂಟ್ ರೋಡಿನ ಹಾಲೊಂದರಲ್ಲಿ ಮರಾಠಿ ನಾಟಕವಾಡಿದರು: ಐಗುಪ್ತದ, ಅಂದರೆ ಈಜಿಪ್ಟಿನ, ಅರಸ ಫರೋಹ ಅವರ ಪೂರ್ವಜರಾದ ಇಸ್ರಾಯೇಲರನ್ನು ಗುಲಾಮಗಿರಿಯಿಂದ ಬಿಟ್ಟ ಕಥೆ. ಅವರ ಮುಂದಾಳು ಮೋಶೆಯಾಗಿ ಏಲಿಯಾಜಿ. ಫರೋಹನಾಗಲು ಅವರಲ್ಲಿ ಯಾರೂ ಒಪ್ಪಲಿಲ್ಲವಾಗಿ, ದುರ್ಯೋಧನನ ಕಿರೀಟ, ಭುಜಕೀರ್ತಿಗಳ ಸಮೇತ ದಾನಪ್ಪ ಸಿಂಹಾಸನವೇರಿದ.

ಮೋಶೆ ಬಂದು ತನ್ನ ಜನರನ್ನು ಬಿಡು ಎಂದ. ಬಿಡಲಾರೆನೆಂದು ಫರೋಹ ತೊಡೆ ತಟ್ಟಿದ. ದೇವರು ಕಳಿಸಿದ ಪೀಡೆಗಳಾಗಿ ಕಪ್ಪೆ ಬಂದವು, ಹೇನು ಬಂದವು, ಮಿಡತೆ ಬಂದವು. ಕಥೆಯಂತೆ ಹತ್ತನೆಯ ಪೀಡೆಗೆ ಬಿಡಬೇಕಿತ್ತು. ಬಿಡಲಿಲ್ಲ ಪುಣ್ಯಾತ್ಮ! ನಾಟಕ ಆಡಿಸುತ್ತಿದ್ದ ಸೆಕ್ರೆಟರಿ ಪರದೆಯ ಸಂದಿನಿಂದ ಕೈಮುಗಿದು, ಕಪ್ಪೆಗಳನ್ನು ಇನ್ನೊಮ್ಮೆ ಕಳಿಸಿದ. ರಟ್ಟಿನ ಕಪ್ಪೆಗೆ ದೊಡ್ಡಾಟದವ ಹೆದರುತ್ತಾನೆಯೇ? ಪಾಂಡವರಿಗೆ ಸೂಜಿಮೊನೆಯಷ್ಟೂ ನೆಲ ಕೊಡೆನೆಂದು ಗುಡುಗಿದ. ಗಂಟುಮೂಟೆ ಹೊತ್ತ ಇಸ್ರಾಯೇಲರು ಕಾಲುನೋವೆಂದು ಅಲ್ಲೇ ಕುಕ್ಕರಿಸಿದರು. ನೋಡಲು ಬೊರಿವಲಿಯಿಂದ ಬಂದವನೊಬ್ಬ ತನ್ನ ಲೋಕಲ್ ರೈಲು ತಪ್ಪುತ್ತದೆಂದು ತಕರಾರು ತೆಗೆದ.

ಕೊನೆಗೆ ಮೋಶೆ ಕೋಲು ಕೆಳಗಿಟ್ಟು ಬಳಿಗೆ ಬಂದ. ವರ್ಕ್‌ಶಾಪಿನಲ್ಲಿ ಕಲಿತ ಹರಕು ಕನ್ನಡದಲ್ಲಿ, "ದಾನಪ್ಪಾ, ಬಿಡೋ. ಟಿಕೀಟು ಆಗೇದ," ಎಂದ.

"ಬಿಡ್ತೀನಿ. ಆದ್ರ ಈ ನಾಟಕದಾಗ ಬರೇ 'ಹೋಗ್ರಿ' ಅಂತ ಬರದಾರ. ನಮ್ಮ ಮಂದೀನ್ನ ಹಂಗಂದು ಕಳಸೂದಿಲ್ಲೋ ನಾವು. 'ಹೋಗಿ ಬರ್ರಿ' ಅಂತೀನಿ, ನಡೀತೈತೇನು?"

ಇಸ್ರಾಯೇಲರು ಐಗುಪ್ತಕ್ಕೆ ಮರಳಿ ಬರುವುದೆಂದರೆ ಕಥೆಯೇ ಕೆಟ್ಟಂತೆ. ಸೆಕ್ರೆಟರಿ ತಲೆ ತಲೆ ಚಚ್ಚಿಕೊಂಡ. ಕಿರೀಟದ ಕೆಳಗೆ ಕಣ್ಣೀರಿಗೆ ಬಣ್ಣ ಕರಗುತ್ತಿದ್ದ ಮುಖವನ್ನು ಏಲಿಯಾಜಿ ನೋಡಿದ.

"ಬರ್ತೀನಿ," ಎಂದ.

ಫರೋಹ ಸಿಂಹಾಸನದಿಂದಿಳಿದು ಮೋಶೆಯ ಗಂಟನ್ನು ತಾನೇ ತಲೆಗೇರಿಸಿಕೊಂಡ. ಕಥೆಯ ಪ್ರಕಾರ ಅವರನ್ನು ಬೆನ್ನಟ್ಟಿ ಹೋಗಿ ತಾನು ಮುಳುಗಬೇಕಾದ ಕೆಂಪು ಸಮುದ್ರದ ತನಕ ಅವರನ್ನು ಕಳಿಸಿಬರಲು ಹೊರಟ.